ಸಹಾಯ ಬೇಕು: ಮೊದಲ ಕಾರಿಗೆ ನಾವು ಹಾಕಿದ ಲೆಕ್ಕ ಸರಿಯೇ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಮೊದಲ ಬಾರಿಗೆ ಕಾರು ಕೊಳ್ಳಲು ಹೊರಟಿದ್ದೇವೆ. ಬೆಲೆಯ ಶೇ. 20ರಷ್ಟನ್ನು ಮುಂಗಡವಾಗಿ ಕಟ್ಟಿ, ಸಾಲವನ್ನು 4 ವರ್ಷಗಳೊಳಗೆ ತೀರಿಸಿ, ಕಂತು, ವಿಮೆ, ಇಂಧನ ಎಲ್ಲವೂ ಸೇರಿ ತಿಂಗಳ ಆದಾಯದ ಶೇ. 10ನ್ನು ಮೀರಬಾರದೆಂಬ ಸೂತ್ರದಂತೆ ಲೆಕ್ಕ ಹಾಕಿದರೆ ಹೊಸ ಕಾರು ನಮ್ಮ ಕೈಗೆಟುಕುವುದಿಲ್ಲ. ಅವಧಿಯನ್ನು 7 ವರ್ಷಕ್ಕೆ ಎಳೆದರೆ ಕಂತು ಹಗುರವಾಗುತ್ತದೆ ನಿಜ. ಆದರೆ ಒಟ್ಟು ಬಡ್ಡಿ ಹೆಚ್ಚುವುದಲ್ಲದೆ, ಕಾರಿನ ಮೌಲ್ಯವು ಸಾಲದ ಬಾಕಿಗಿಂತ ಕೆಳಗಿಳಿದೀತೆಂಬ ಭಯ ನನ್ನನ್ನು ಕಾಡುತ್ತಿದೆ.

ಹೀಗಾಗಿ ಕಳೆದ ವಾರ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ನೋಡಿ ಬಂದೆವು. ಮೀಟರ್ 31,000 ಕಿ.ಮೀ. ತೋರಿಸುತ್ತಿದ್ದರೂ ಬ್ರೇಕ್ ಪೆಡಲಿನ ರಬ್ಬರು ಒಂದು ಅಂಚಿನಲ್ಲಿ ಪೂರ್ತಿ ಸವೆದಿತ್ತು; ಕಾರು ಮೀಟರ್ ತೋರಿಸುವುದಕ್ಕಿಂತ ಹೆಚ್ಚು ಓಡಿರಬೇಕೆಂದು ಅನುಮಾನ ಬಂತು. ಟೈರುಗಳು ಹೊಸವೆಂದು ಮಾಲೀಕರು ಹೇಳಿದರು, ಆದರೆ ಅವುಗಳ ಪಕ್ಕದಲ್ಲಿ 2317 ಎಂದು, ಅಂದರೆ 2017ರ 23ನೇ ವಾರದಲ್ಲಿ ತಯಾರಾದವೆಂದು, ಅಚ್ಚಾಗಿತ್ತು. ಆ ಕಾರನ್ನು ಕೈಬಿಟ್ಟೆವು.

ಅನುಭವಿಗಳು ದಯವಿಟ್ಟು ತಿಳಿಸಿ: ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ರಿಂದ ಕಾರನ್ನು ಪರೀಕ್ಷಿಸುವಾಗ ಯಾವುದನ್ನು ತಪ್ಪದೆ ನೋಡಿಸಬೇಕು? ಮೊದಲ ವರ್ಷದ ರಿಪೇರಿಗೆಂದು ಬೆಲೆಯ ಎಷ್ಟು ಪಾಲನ್ನು ಎತ್ತಿಡುವುದು ಒಳಿತು? ನಮ್ಮ ಓಡಾಟ ದಿನಕ್ಕೆ 15 ಕಿ.ಮೀ. ಮಾತ್ರ, ಆದ್ದರಿಂದ ಡೀಸೆಲ್ ಬೇಡವೆಂದು ನಿರ್ಧರಿಸಿದ್ದೇವೆ.