ಎಣ್ಣೆ ಸವರಿದ ಬೋಲ್ಟಿಗೆ ಎಷ್ಟು ಟಾರ್ಕ್ ಕೊಡಬೇಕು?

ಪ್ರಶ್ನೆ (ಬಾಗಲಕೋಟೆ): ಹೊಲದ ಪಂಪ್‌ಸೆಟ್ಟಿನ 8 ಎಂಎಂ ಬೋಲ್ಟುಗಳಿಗೆ ತುಕ್ಕು ಹಿಡಿಯದಿರಲೆಂದು ಎಂಜಿನ್ ಆಯಿಲ್ ಸವರಿದ್ದೇನೆ. ಕೈಪಿಡಿಯಲ್ಲಿ ಟಾರ್ಕ್ (ಬಿಗಿಯುವಾಗ ಹಾಕುವ ತಿರುಚು ಬಲ) 25 ನ್ಯೂಟನ್ ಮೀಟರ್ ಎಂದಷ್ಟೇ ಇದೆ, ಎಣ್ಣೆಯ ಪ್ರಸ್ತಾಪವಿಲ್ಲ. ಅಷ್ಟೇ ಬಿಗಿಯಬಹುದೇ?

ಉತ್ತರ (ಉದ್ಯಮಬಾಗ, ಬೆಳಗಾವಿ): ಬೇಡ ಸರ್. ಪಾನಾದ ಮೇಲೆ ನಾವು ಹಾಕುವ ಶ್ರಮದ ಸುಮಾರು 90 ಶೇಕಡಾ ಬೋಲ್ಟಿನ ತಲೆಯ ಕೆಳಗಿನ ಹಾಗೂ ಥ್ರೆಡ್ಡಿನ ಘರ್ಷಣೆಗೇ ಖರ್ಚಾಗಿ, ಉಳಿದದ್ದು ಮಾತ್ರ ಬೋಲ್ಟನ್ನು ಎಳೆದು ಹಿಡಿತ ಕೊಡುತ್ತದೆ. ಎಣ್ಣೆಯಿಂದ ಘರ್ಷಣೆ ಇಳಿದಾಗ ಅದೇ ಟಾರ್ಕಿಗೆ ಬೋಲ್ಟ್ ಅತಿಯಾಗಿ ಎಳೆಯಲ್ಪಟ್ಟು, ಥ್ರೆಡ್ ಕಿತ್ತುಹೋಗಬಹುದು. ಲೆಕ್ಕ ಹಾಕುವಾಗ ಒಣ ಬೋಲ್ಟಿಗೆ 0.2, ಎಣ್ಣೆಯದಕ್ಕೆ 0.15 ಟಾರ್ಕ್ ಗುಣಾಂಕ ಹಿಡಿಯುವುದು ರೂಢಿ; ಅದೇ ಅನುಪಾತದಲ್ಲಿ ನಿಮ್ಮ 25 ಸುಮಾರು 19ಕ್ಕೆ ಇಳಿಯುತ್ತದೆ. ನನ್ನನ್ನು ಕೇಳಿದರೆ, ಎಣ್ಣೆ ಒರೆಸಿ ಒಣಗಿಸಿಯೇ ಬಿಗಿಯಿರಿ.

ಉತ್ತರ (ವಿಜಯಪುರ): ಮೇಲಿನ ಮಾತು ಸರಿ. ಆದರೆ ಕೈಪಿಡಿಯೇ ಎಣ್ಣೆ ಹಚ್ಚಲು ಹೇಳಿದ್ದರೆ, ಎಂಜಿನ್ನಿನ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬೋಲ್ಟುಗಳಿಗೆ ಹಲವು ಕಡೆ ಹೇಳಿರುವಂತೆ, ಅಲ್ಲಿನ ಅಂಕಿ ಎಣ್ಣೆಯನ್ನು ಲೆಕ್ಕಕ್ಕೆ ಹಿಡಿದೇ ಕೊಟ್ಟದ್ದು. ಮತ್ತೆ ಕಡಿತ ಮಾಡಬಾರದು. ಗಾಡಿಯ ಚಕ್ರದ ನಟ್ಟುಗಳಿಗಂತೂ ಎಣ್ಣೆ ಬೇಡವೇ ಬೇಡ.

ಪ್ರಶ್ನೆ ಕೇಳಿದವರು: ಧನ್ಯವಾದ. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆ ನಿಂತಿದೆ, ತೊಂದರೆಯೇ?

ಉತ್ತರ (ಉದ್ಯಮಬಾಗ, ಬೆಳಗಾವಿ): ಹೌದು. ಎಣ್ಣೆಗೆ ಹೊರಬರಲು ದಾರಿಯಿಲ್ಲದೆ ಎರಕದ ಭಾಗವೇ ಬಿರುಕು ಬಿಡಬಹುದು. ಬಟ್ಟೆಯ ಬತ್ತಿಯಿಂದ ಹೀರಿ ತೆಗೆದು, ಆಮೇಲೆ ಬೋಲ್ಟ್ ಹಾಕಿ.