ಸೆಕೆಂಡ್ ಹ್ಯಾಂಡ್ ಟ್ರೇಲರ್‌ನ ಹೊಗೆ ಅಲಾರಂ, ಗ್ಯಾಸ್ ಡಿಟೆಕ್ಟರ್: ರಿಕಾಲ್ ಇದೆಯಾ ಅಂತ ನೋಡೋದು ಹೇಗೆ?

ಪ್ರಶ್ನೆ, ಆಸ್ಟಿನ್‌ನಿಂದ:
2018ರ ಮಾಡೆಲ್ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ) ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೇವೆ. ಜೂನ್‌ನಲ್ಲಿ ಹಾಸನದಿಂದ ಅತ್ತೆ, ಮಾವ ಬರುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಎಲ್ಲರೂ ಯೆಲ್ಲೋಸ್ಟೋನ್‌ಗೆ ಹೋಗುವ ಯೋಚನೆ. ಒಳಗಿರುವ ಹೊಗೆ ಅಲಾರಂ, ಗ್ಯಾಸ್ ಡಿಟೆಕ್ಟರ್‌ಗೂ ರಿಕಾಲ್ (ದೋಷ ಇರುವ ಸಾಮಾನನ್ನು ಕಂಪನಿ ವಾಪಸ್ ಕರೆದು ಪುಕ್ಕಟೆ ಸರಿಮಾಡುವುದು, ಇಲ್ಲ ಬದಲಾಯಿಸಿಕೊಡುವುದು) ಇರುತ್ತೆ, ಒಮ್ಮೆ ನೋಡಿ ಅಂತ ಪಕ್ಕದ ಮನೆಯವರು ಹೇಳಿದರು. ಮಾರಿದವರನ್ನು ಕೇಳಿದರೆ "ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ನೋಡಿದ್ದೇವೆ, ಏನೂ ಇಲ್ಲ" ಅಂದರು. ಅಷ್ಟು ಸಾಕಾ? ಟ್ರೇಲರ್ ಇಟ್ಟುಕೊಂಡಿರುವವರು ದಯವಿಟ್ಟು ಹೇಳಿ.

ಡೆನ್ವರ್‌ನಿಂದ:
ಸಾಲದು. ಮಾರಿದವರು ಸುಳ್ಳು ಹೇಳಿದರು ಅಂತಲ್ಲ, ಆ ಹುಡುಕಾಟ ತೋರಿಸುವುದೇ ಅಷ್ಟು. ಅಮೆರಿಕದಲ್ಲಿ ಕಾರಿನ ಹಾಗೆ ಟ್ರೇಲರ್ ರಿಕಾಲ್ ಕೂಡ ಎನ್‌ಎಚ್‌ಟಿಎಸ್‌ಎ ಅನ್ನುವ ಸರ್ಕಾರಿ ರಸ್ತೆ ಸುರಕ್ಷತೆ ಆಫೀಸಿನ ಕೈಯಲ್ಲಿದೆ. ಅವರ ವೆಬ್‌ಸೈಟ್‌ನಲ್ಲಿ 17 ಅಕ್ಷರದ ವಿನ್ ಹಾಕಿದರೆ ಬಾಕಿ ಇರುವ ರಿಕಾಲ್ ತೋರಿಸುತ್ತೆ. ಆದರೆ ಕೆಲವು ಸಣ್ಣ ಕಂಪನಿಗಳ ಗಾಡಿಗಳು ಅಲ್ಲಿ ಬರುವುದಿಲ್ಲ, 15 ವರ್ಷಕ್ಕಿಂತ ಹಿಂದಿನ ರಿಕಾಲ್‌ಗಳೂ ಬರುವುದಿಲ್ಲ. ಅದಕ್ಕೇ ವಿನ್ ಹಾಕಿದ ಮೇಲೆ ಕಂಪನಿ, ಮಾಡೆಲ್, ವರ್ಷ ಹಾಕಿ ಇನ್ನೊಮ್ಮೆ ಹುಡುಕಿ. ಆಮೇಲೆ ಟ್ರೇಲರ್ ಕಂಪನಿಯ ಕಸ್ಟಮರ್ ಸರ್ವೀಸ್‌ಗೆ ಫೋನ್ ಮಾಡಿ, ವಿನ್ ಹೇಳಿ, ಬಾಯಲ್ಲೇ ಕೇಳಿ. ಹಾಗೇ "ಈಗ ಮಾಲೀಕರು ನಾವು" ಅಂತ ಹೆಸರು, ವಿಳಾಸ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ರಿಕಾಲ್ ಕಾಗದ ಹಳೇ ಮಾಲೀಕರ ಮನೆಗೆ ಹೋಗಿ, ಅವರು ಅದನ್ನು ಕಸದ ಬುಟ್ಟಿಗೆ ಹಾಕುತ್ತಾರೆ, ಅಷ್ಟೇ.

ಹುಡುಕುವಾಗ ರಿಕಾಲ್ ನಂಬರ್‌ನ ಮಧ್ಯದ ಅಕ್ಷರ ಗಮನಿಸಿ. ಮೊದಲ ಎರಡು ಅಂಕಿ ವರ್ಷ, ಆಮೇಲೆ ಇಂಗ್ಲಿಷ್ 'ವಿ' (V) ಇದ್ದರೆ ಇಡೀ ವಾಹನದ ರಿಕಾಲ್, 'ಇ' (E) ಇದ್ದರೆ ಒಂದು ಉಪಕರಣದ್ದು. ಉಪಕರಣದ ರಿಕಾಲ್ ಅದನ್ನು ತಯಾರಿಸಿದ ಕಂಪನಿಯ ಹೆಸರಲ್ಲೇ ಇರಬಹುದು, ನಿಮ್ಮ ಟ್ರೇಲರ್ ಹೆಸರು ಹಾಕಿದರೆ ಸಿಗದೇ ಇರಬಹುದು.

ಇನ್ನು ಜಾಸ್ತಿ ಜನ ಬಿಟ್ಟುಬಿಡುವ ವಿಷಯ. ನಿಮಗಿಂತ ಮುಂಚೆ ಇದ್ದವರು ಕಾರ್ಖಾನೆಯಿಂದ ಬಂದ ಅಲಾರಂ ಕಿತ್ತು, ಹಾರ್ಡ್‌ವೇರ್ ಅಂಗಡಿಯಿಂದ ಮನೆಯದ್ದೊಂದು ತಂದು ಹಾಕಿದ್ದರೆ? ಅದಕ್ಕೂ ವಿನ್‌ಗೂ ಸಂಬಂಧವೇ ಇಲ್ಲ. ಅಂಗಡಿಯಲ್ಲಿ ಮಾರುವ ಸಾಮಾನಿನ ರಿಕಾಲ್ ನೋಡಿಕೊಳ್ಳುವುದು ಬೇರೆ ಆಫೀಸು, ಸಿಪಿಎಸ್‌ಸಿ. ಅಂದರೆ ವಿನ್‌ನಲ್ಲಿ ಏನೂ ಕಾಣದಿದ್ದರೂ ತಲೆ ಮೇಲಿರುವ ಡಬ್ಬಿ ರಿಕಾಲ್ ಆಗಿರಬಹುದು. ಉದಾಹರಣೆಗೆ 2018ರ ಮಾರ್ಚ್‌ನಲ್ಲಿ ಕಿಡ್ಡೆ ಕಂಪನಿಯ ಪಿಐ2010, ಪಿಐ9010 ಅಲಾರಂಗಳನ್ನು ವಾಪಸ್ ಕರೆದರು, ಅಮೆರಿಕದಲ್ಲೇ ಸುಮಾರು 4,52,000. ಕಾರಣ ಕೇಳಿದರೆ ನಗು ಬರುತ್ತೆ. ತಯಾರಿಸುವಾಗ ಹಾಕಿದ ಹಳದಿ ಮುಚ್ಚಳವನ್ನು ಕೆಲವದರಲ್ಲಿ ತೆಗೆಯದೇ ಬಿಟ್ಟಿದ್ದರು. ಎರಡು ಹೊಗೆ ಸೆನ್ಸರ್‌ನಲ್ಲಿ ಒಂದಕ್ಕೆ ಹೊಗೆ ತಾಗುವುದೇ ಇಲ್ಲ. 2021ರ ಮೇ ತಿಂಗಳಲ್ಲಿ ಅದೇ ಕಂಪನಿಯ ಟ್ರೂಸೆನ್ಸ್ ಅಲಾರಂ, ಸುಮಾರು 2,26,000, ಬೆಂಕಿ ಬಿದ್ದರೂ ಕೂಗದೇ ಇರಬಹುದು ಅಂತ. ಇವೆರಡೂ ಸಿಪಿಎಸ್‌ಸಿ ಪಟ್ಟಿಯಲ್ಲಿವೆ.

ಅದಕ್ಕೇ ನನ್ನ ಸಲಹೆ ಒಂದೇ: ಕಂಪ್ಯೂಟರ್ ಆಮೇಲೆ, ಮೊದಲು ಸ್ಟೂಲ್ ಹಾಕಿಕೊಂಡು ಹತ್ತಿ. ಅಲಾರಂ ತಿರುಗಿಸಿದರೆ ಕೈಗೆ ಬರುತ್ತೆ. ಬೆನ್ನ ಮೇಲಿನ ಸ್ಟಿಕ್ಕರ್‌ನಲ್ಲಿ ಮಾಡೆಲ್ ನಂಬರ್, ತಯಾರಾದ ತಾರೀಕು ಇರುತ್ತೆ, ಫೋಟೋ ತೆಗೆಯಿರಿ. ಮೇಲೆ ಹೇಳಿದ ಪಿಐ ಮಾಡೆಲ್ ಆಗಿದ್ದರೆ ಪಕ್ಕದ ಸೀಳಿನಿಂದ ಟಾರ್ಚ್ ಬಿಟ್ಟು ಇಣುಕಿ, ಹಳದಿ ಕಂಡರೆ ಕಂಪನಿಗೆ ಫೋನ್ ಮಾಡಿ. ನೀವೇ ಬಿಚ್ಚಿ ಮುಚ್ಚಳ ಕೀಳಲು ಹೋಗಬೇಡಿ. ಆಮೇಲೆ ಆ ಮಾಡೆಲ್ ನಂಬರ್‌ ಅನ್ನು ಎರಡೂ ಆಫೀಸಿನ ಪಟ್ಟಿಯಲ್ಲಿ ಹುಡುಕಿ. ಟೆಸ್ಟ್ ಬಟನ್ ಒತ್ತಿ "ಕೂಗ್ತು, ಸರಿ ಇದೆ" ಅನ್ನುವವರೇ ಜಾಸ್ತಿ. ಬ್ಯಾಟರಿ, ಸರ್ಕ್ಯೂಟ್, ಕೂಗುವ ಹಾರ್ನ್ ಸರಿ ಇದೆ ಅಂತ ಮಾತ್ರ ಅದರಿಂದ ಗೊತ್ತಾಗುವುದು. ಹೊಗೆ ಒಳಗೆ ಹೋಗುತ್ತಾ ಅನ್ನುವುದು ಬೇರೆ ಮಾತು.

ಫೀನಿಕ್ಸ್‌ನಿಂದ:
ಡೆನ್ವರ್‌ನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ರಿಕಾಲ್ ಇಲ್ಲ ಅಂದಾಕ್ಷಣ ಚೆನ್ನಾಗಿದೆ ಅಂತಲ್ಲ. ಕೆಳಗೆ ನೆಲದ ಹತ್ತಿರ ಗೋಡೆಗೆ ಇರುತ್ತಲ್ಲ, ಪ್ರೊಪೇನ್ (ಒಲೆ, ಹೀಟರ್ ಉರಿಸುವ ಗ್ಯಾಸ್) ಡಿಟೆಕ್ಟರ್, ಅದರ ಆಯಸ್ಸು 5ರಿಂದ 7 ವರ್ಷ, ಅಷ್ಟೇ. ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೇ ತುಂಬಿಕೊಳ್ಳುತ್ತೆ, ಅದಕ್ಕೇ ಅದನ್ನು ಅಲ್ಲಿ ಇಡುವುದು. 2018ರ ಟ್ರೇಲರ್ ಅಂದರೆ ನಿಮ್ಮದು ಈಗಾಗಲೇ ಅವಧಿ ಮುಗಿಸಿದೆ, ಹಳಬರು ಬದಲಾಯಿಸದಿದ್ದರೆ. ಹೊಗೆ ಅಲಾರಂಗೆ 10 ವರ್ಷ. ವಯಸ್ಸಾಗಿದ್ದಕ್ಕೆ ಯಾರೂ ಪುಕ್ಕಟೆ ಕೊಡುವುದಿಲ್ಲ, ಕೈಯಿಂದ ದುಡ್ಡು ಹಾಕಬೇಕು. ಅತ್ತೆ, ಮಾವ ಒಳಗೆ ಮಲಗುತ್ತಾರೆ, ಯೆಲ್ಲೋಸ್ಟೋನ್‌ನಲ್ಲಿ ಜೂನ್ ರಾತ್ರಿಯೂ ಚಳಿ, ಫರ್ನೇಸ್ (ಗ್ಯಾಸ್ ಹೀಟರ್) ಹಾಕೇ ಹಾಕುತ್ತೀರಿ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಬರುವ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್‌ಗೆ, ವಾಸನೆ ಇಲ್ಲ. ಅದರ ಅಲಾರಂ ಬೇರೆ ಇದೆಯಾ, ಗ್ಯಾಸ್ ಡಿಟೆಕ್ಟರ್ ಒಳಗೇ ಸೇರಿದೆಯಾ ನೋಡಿಕೊಳ್ಳಿ.

ನ್ಯೂಜೆರ್ಸಿಯಿಂದ:
ಬಾಗಿಲ ಪಕ್ಕದ ಕೆಂಪು ಸಿಲಿಂಡರ್, ಬೆಂಕಿ ಆರಿಸುವುದು, ಮರೀಬೇಡಿ! ಕೇಳಿದ್ದು ಅಲಾರಂ ಬಗ್ಗೆ, ಗೊತ್ತು, ಆದರೂ ಹೇಳಲೇಬೇಕು. 2017ರ ನವೆಂಬರ್‌ನಲ್ಲಿ ಕಿಡ್ಡೆಯ ಪ್ಲಾಸ್ಟಿಕ್ ಹಿಡಿಯ ಬೆಂಕಿ ಆರಿಸುವ ಸಿಲಿಂಡರ್‌ಗಳು ರಿಕಾಲ್ ಆದವು. 134 ಮಾಡೆಲ್, ಜೊತೆಗೇ ರಿಕಾಲ್ ಆದ ಗುಂಡಿ ಒತ್ತುವ ಬಗೆಯವೂ ಸೇರಿ ಅಮೆರಿಕದಲ್ಲಿ ಸುಮಾರು 3.78 ಕೋಟಿ. ಕಟ್ಟಿಕೊಂಡು ಪುಡಿ ಹೊರಗೆ ಬರದೇ ಇರಬಹುದು, ಮೂತಿಯೇ ಕಳಚಿಕೊಳ್ಳಬಹುದು ಅಂತ. 1973ರಿಂದ 2017ರ ಆಗಸ್ಟ್‌ವರೆಗೆ ತಯಾರಾದವು. ಟ್ರೇಲರ್ ಕಂಪನಿಗಳು ಅವನ್ನೇ ಹಾಕಿ ಮಾರಿದ್ದರಿಂದ ಅವರೂ ಸಾಲುಸಾಲಾಗಿ ರಿಕಾಲ್ ಹೊರಡಿಸಬೇಕಾಯಿತು. 2018ರ ಮಾಡೆಲ್ ಅಂದರೆ 2017ರಲ್ಲೇ ತಯಾರಾಗಿರಬಹುದು ಅಲ್ವಾ? ಟ್ರೇಲರ್‌ನ ಮುಂದಿನ ಅರ್ಧದಲ್ಲಿ, ಎಡಗಡೆ ಹೊರಮೈ ಮೇಲಿನ ಸ್ಟಿಕ್ಕರ್ ನೋಡಿ, ತಯಾರಾದ ತಿಂಗಳು, ವರ್ಷ ಇರುತ್ತೆ. ನಮ್ಮದಕ್ಕೆ ಸಿಲಿಂಡರ್ ಕಂಪನಿಗೇ ಅರ್ಜಿ ಹಾಕಿದೆವು, ಹೊಸದು ಪಾರ್ಸಲ್‌ನಲ್ಲಿ ಬಂತು. ಲೋಹದ ಹಿಡಿಯದ್ದು.

ಸಿಯಾಟಲ್‌ನಿಂದ:
ನಮ್ಮವರಿಗೆ ಮಾತ್ರ ಒಂದು ಕಿವಿಮಾತು 😄 ಟ್ರೇಲರ್ ಒಳಗೆ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಅಲಾರಂ ಬಡಿದುಕೊಳ್ಳುತ್ತೆ. ಯಜಮಾನರು ಓಡಿಬಂದು ಬ್ಯಾಟರಿ ಕೀಳುತ್ತಾರೆ, ಊಟ ಆದ ಮೇಲೆ ಹಾಕೋಣ ಅಂತ ಡ್ರಾಯರ್‌ನಲ್ಲಿ ಇಡುತ್ತಾರೆ, ಅದು ಮುಂದಿನ ವರ್ಷ ಸಿಗುತ್ತೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೀರಿ, ಹಾಗಾಗಿ ಮೊದಲು ಬ್ಯಾಟರಿ ಇದೆಯಾ ನೋಡಿ. ಗ್ಯಾಸ್ ಡಿಟೆಕ್ಟರ್‌ಗೆ ಟ್ರೇಲರ್‌ನ 12 ವೋಲ್ಟ್ ಬ್ಯಾಟರಿಯಿಂದ ಕರೆಂಟ್. ಚಳಿಗಾಲದಲ್ಲಿ ನಿಲ್ಲಿಸಿದಾಗ ಬ್ಯಾಟರಿ ಸುಮ್ನೆ ಇಳಿಯುತ್ತೆ ಅಂತ ಅದರ ಫ್ಯೂಸ್ ತೆಗೆದಿಟ್ಟವರೂ ಇದ್ದಾರೆ. ಒಗ್ಗರಣೆ ಹೊರಗೆ ಕ್ಯಾಂಪ್ ಸ್ಟವ್ ಮೇಲೆ ಹಾಕಿ, ರಗಳೆಯೇ ಇಲ್ಲ.

ಕ್ಯಾಲ್ಗರಿಯಿಂದ:
ಕೆನಡಾದಲ್ಲಿ ಇರುವವರು ಇದನ್ನು ಓದುತ್ತಿದ್ದರೆ: ಇಲ್ಲೂ ಎರಡು ಕಡೆ ನೋಡಬೇಕು. ಟ್ರೇಲರ್‌ಗೆ ಟ್ರಾನ್ಸ್‌ಪೋರ್ಟ್ ಕೆನಡಾ, ಅಂಗಡಿಯಲ್ಲಿ ಕೊಂಡದ್ದಕ್ಕೆ ಹೆಲ್ತ್ ಕೆನಡಾ.

ಆಸ್ಟಿನ್‌ನಿಂದ ಮತ್ತೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೋಡಿದೆ. ಹೊಗೆ ಅಲಾರಂ 2019ರದ್ದು, ಯಾರೋ ಬದಲಾಯಿಸಿದ್ದಾರೆ, ಆ ಮಾಡೆಲ್ ಎರಡೂ ಪಟ್ಟಿಯಲ್ಲಿ ಇಲ್ಲ. ಗ್ಯಾಸ್ ಡಿಟೆಕ್ಟರ್ 2017ರದ್ದು, ಹಸಿರು ದೀಪ ಉರಿಯುತ್ತಲೇ ಇದೆ, ಯಾರಾದರೂ ನೋಡಿದರೆ ಹೊಸದು ಅಂದುಕೊಳ್ಳಬೇಕು! ಸಿಲಿಂಡರ್ ಪ್ಲಾಸ್ಟಿಕ್ ಹಿಡಿಯದ್ದೇ, ಪಟ್ಟಿಯಲ್ಲಿದೆ. ಅರ್ಜಿ ಹಾಕಿದ್ದೇನೆ, ಅಷ್ಟರಲ್ಲಿ ಅಂಗಡಿಯಿಂದ ಒಂದು ತಂದಿಡುತ್ತೇನೆ. ಗ್ಯಾಸ್ ಡಿಟೆಕ್ಟರ್ ಹೊಸದು ಆರ್ಡರ್ ಮಾಡಿದೆ. ಹಿಂದೆ ಎರಡೇ ವೈರ್ ಇದೆ, ನಾವೇ ಹಾಕಬಹುದಾ?

ಡೆನ್ವರ್‌ನಿಂದ:
ಹಾಕಬಹುದು. ಗೋಡೆಯಲ್ಲಿ ಕೊರೆದಿರುವ ತೂತಿನ ಅಳತೆಗೆ ಹೊಸದು ಕೂರುತ್ತಾ ನೋಡಿ. ಹೊರಗಿನ ಕರೆಂಟ್ ಪ್ಲಗ್ ತೆಗೆಯಿರಿ, ಬ್ಯಾಟರಿ ಬಿಚ್ಚಿ, ವೈರ್ ಕಳಚುವ ಮುಂಚೆ ಯಾವುದು ಯಾವುದಕ್ಕೆ ಸೇರಿದೆ ಅಂತ ಫೋಟೋ ತೆಗೆಯಿರಿ. ಟ್ರೇಲರ್‌ಗಳಲ್ಲಿ 12 ವೋಲ್ಟ್‌ಗೆ ಎಷ್ಟೋ ಸಲ ಕಪ್ಪು ವೈರೇ ಪಾಸಿಟಿವ್, ಬಿಳಿ ನೆಗೆಟಿವ್. ಕಾರಿನ ಲೆಕ್ಕದಲ್ಲಿ ಕಪ್ಪಿಗೆ ಕಪ್ಪು ಜೋಡಿಸಿದರೆ ಉಲ್ಟಾ ಆಗುತ್ತೆ. ಬಣ್ಣ ನಂಬಬೇಡಿ, ವೋಲ್ಟ್ ಅಳೆಯುವ ಮೀಟರ್ ಇಟ್ಟು ನೋಡಿ. ಮೀಟರ್ ಇಲ್ಲದಿದ್ದರೆ ಆಟೋ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತೆ.