ಜೀನ್ ತಿದ್ದಿಸಿಕೊಂಡ ಮೇಲೆ 15 ವರ್ಷದ ತಪಾಸಣೆ: ಅನುಭವ ಹಂಚಿಕೊಳ್ಳಿ

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ನಮ್ಮ ಮಗನಿಗೆ ಥಲಸ್ಸೀಮಿಯಾಕ್ಕೆ (ಪದೇ ಪದೇ ರಕ್ತ ಹಾಕಿಸಬೇಕಾಗುವ ಆನುವಂಶಿಕ ರಕ್ತರೋಗ) ಕ್ಯಾಸ್ಗೆವಿ ಚಿಕಿತ್ಸೆ ಆಗಿದೆ. ರಕ್ತ ತಯಾರಿಸುವ ಅವನದೇ ಕೋಶಗಳ ಜೀನ್ ತಿದ್ದಿ ಮರಳಿ ಕೊಡುವ ಚಿಕಿತ್ಸೆಯಿದು. ಈಗ ರಕ್ತ ಹಾಕಿಸುವ ಗೊಡವೆಯಿಲ್ಲ, ಹುಡುಗ ಲವಲವಿಕೆಯಿಂದಿದ್ದಾನೆ. ಆದರೂ 15 ವರ್ಷ ತಪಾಸಣೆ ಎನ್ನುತ್ತಾರೆ. ಬೆಂಗಳೂರಿಗೆ ಮರಳುವ ಯೋಚನೆಯಿದೆ. ಅಷ್ಟು ವರ್ಷ ಬೇಕೇ? ಅನುಭವವಿದ್ದವರು ತಿಳಿಸಿ.

ಉತ್ತರ 1: ಬೇಕೇ ಬೇಕು, ತಂಗಿ. ನನ್ನ ಮಗಳಿಗೂ ಇದೇ ಚಿಕಿತ್ಸೆ ಆಗಿದೆ. ಕ್ಯಾಸ್ಗೆವಿಗೆ ಜಗತ್ತಿನಲ್ಲೇ ಮೊದಲ ಒಪ್ಪಿಗೆ ಸಿಕ್ಕಿದ್ದು 2023ರ ನವೆಂಬರಿನಲ್ಲಿ, ಬ್ರಿಟನ್ನಿನಲ್ಲಿ. ತಿದ್ದಿದ ಕೋಶಗಳಾದರೋ ಮೂಳೆಮಜ್ಜೆಯಲ್ಲಿ ಆಯುಷ್ಯಪೂರ್ತಿ ಇರುವಂಥವು. ಜೀನ್ ತಿದ್ದುವಾಗ ಬೇಡದ ಕಡೆ ಕತ್ತರಿ ಬಿದ್ದಿದ್ದರೆ ಅದು ವರ್ಷಗಳ ಮೇಲೆ ಗೊತ್ತಾಗಬಹುದು. ಸ್ಕೈಸೋನಾ ಎಂಬ ಇನ್ನೊಂದು ಚಿಕಿತ್ಸೆಯಲ್ಲಿ, 2024ರ ವರದಿಯಂತೆ, 67 ಮಕ್ಕಳ ಪೈಕಿ 7 ಮಂದಿಗೆ ರಕ್ತದ ಕ್ಯಾನ್ಸರ್ ಬಂತು, ಕೆಲವರಿಗೆ ಹಲವು ವರ್ಷಗಳ ಬಳಿಕ. ಅದು ವೈರಸ್ ಮೂಲಕ ಜೀನ್ ಸೇರಿಸುವ ವಿಧಾನ, ನಮ್ಮ ಮಕ್ಕಳದ್ದು ಬೇರೆ. ಆದರೂ ಅಲ್ಲಿ ಅದು ಪತ್ತೆಯಾದದ್ದು ತಪಾಸಣೆ ಬಿಡದೆ ನಡೆದದ್ದರಿಂದಲೇ.

ನನಗೆ ಇದಕ್ಕಿಂತ ಹೆಚ್ಚು ಆತಂಕವಿರುವುದು ಬಸಲ್ಫಾನ್ ಬಗ್ಗೆ. ತಿದ್ದಿದ ಕೋಶಗಳಿಗೆ ಜಾಗ ಮಾಡಲು ಹಳೆಯ ಮಜ್ಜೆಯನ್ನು ಬರಿದುಮಾಡುವ ಕೀಮೋ ಔಷಧ ಅದು. ಮಕ್ಕಳಾಗುವ ಶಕ್ತಿಗೆ ಪೆಟ್ಟು ಕೊಡಬಲ್ಲದು, ಮುಂದೆ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸಬಲ್ಲದು. ರಕ್ತಕಣಗಳ ಎಣಿಕೆಯ ಜೊತೆಗೆ ಹಾರ್ಮೋನ್ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ಊರಿಗೆ ಬಂದಿದ್ದಾಗ ಮಗಳಿಗೆ ಜ್ವರ ಬಂತು. ಥಲಸ್ಸೀಮಿಯಾ ಎಂದೊಡನೆ ಅಲ್ಲಿನ ವೈದ್ಯರು ಹಿಮೋಗ್ಲೋಬಿನ್ ವಿಂಗಡಣೆ ಪರೀಕ್ಷೆ ಬರೆದರು. ವರದಿಯಲ್ಲಿ 'ಹಿಮೋಗ್ಲೋಬಿನ್ ಎಫ್' ಸಾಲು ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಮೇಲ್ಮುಖ ಬಾಣ. ಅವರು ಹುಬ್ಬು ಗಂಟಿಕ್ಕಿದರು. ಚಿಕಿತ್ಸೆ ಉದ್ದೇಶಪೂರ್ವಕವಾಗಿ ಹೆಚ್ಚಿಸಿದ್ದೇ ಭ್ರೂಣದ ಕಾಲದ ಆ ಹಿಮೋಗ್ಲೋಬಿನ್ನನ್ನು! ಕೈಚೀಲದಲ್ಲಿದ್ದ ಆಸ್ಪತ್ರೆಯ ಪತ್ರ ತೋರಿಸಿದ ಮೇಲೆ ಸಮಾಧಾನವಾಯಿತು. ಚಿಕಿತ್ಸೆಯ ಹೆಸರು, ಕೋಶ ಕೊಟ್ಟ ದಿನಾಂಕ, ಬಸಲ್ಫಾನ್ ಪಡೆದ ಸಂಗತಿ, ಎಂದಿಗೂ ರಕ್ತದಾನ, ಅಂಗದಾನ ಮಾಡುವಂತಿಲ್ಲ ಎಂಬ ಮಾತು, ಇಷ್ಟೂ ನಿಮ್ಮ ಪತ್ರದಲ್ಲಿರಲಿ.

ಉತ್ತರ 2: ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವರ್ಷಗಟ್ಟಲೆ ಹಾಕಿಸಿದ ರಕ್ತದ ಕಬ್ಬಿಣ ಯಕೃತ್ತು, ಹೃದಯದಲ್ಲಿ ಹಾಗೆಯೇ ಕುಳಿತಿರುತ್ತದೆ. ನನ್ನ ಮಗ ಫುಟ್‌ಬಾಲ್ ಆಡುತ್ತಿದ್ದಾನೆ, ಮೈಯಲ್ಲಿನ ಕಬ್ಬಿಣದ ಸಂಗ್ರಹ ಸೂಚಿಸುವ ಫೆರಿಟಿನ್ ಮಾತ್ರ ಇನ್ನೂ ಇಳಿಯಬೇಕು. ಆ ಕಬ್ಬಿಣ ಅಳೆಯುವ ಎಂಆರ್‌ಐ ತಪ್ಪಿಸಬೇಡಿ. ಕಬ್ಬಿಣ ಇಳಿಸುವ ಮಾತ್ರೆಯನ್ನು ನೀವಾಗಿಯೇ ಮತ್ತೆ ಶುರು ಮಾಡಬೇಡಿ. ಹೊಸ ಮಜ್ಜೆ ಚಿಗುರುವ ಮೊದಲ ತಿಂಗಳುಗಳಲ್ಲಿ ಕೆಲವು ಮಾತ್ರೆಗಳು ಅದಕ್ಕೆ ಆಗಿಬರುವುದಿಲ್ಲ.

ಉತ್ತರ 3: ಬೆಂಗಳೂರಿಗೆ ಹೊರಡುವ ಮೊದಲೇ ಇಲ್ಲಿ ರಕ್ತರೋಗ ತಜ್ಞರೊಬ್ಬರನ್ನು ಗೊತ್ತುಮಾಡಿಕೊಳ್ಳಿ. ಅವರಿಗೂ ಅಲ್ಲಿನ ತಂಡಕ್ಕೂ ಇಮೇಲ್ ಮೂಲಕ ಪರಿಚಯ ಮಾಡಿಸಿ, ಯಾವ ಪರೀಕ್ಷೆ ಯಾವಾಗ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಇಲ್ಲಿನ ಪ್ರತಿ ವರದಿಯೂ ಆ ತಂಡಕ್ಕೆ ತಲುಪಲಿ.